ಗೋಲುಕಂಬವಾಗಿದ್ದ ಬೆಂಚು

ನಾನು ಒಂದು ಬೆಂಚು. ಮಂಗಳೂರಿನ ಒಂದು ಮೈದಾನದ ಎದುರು, ರಸ್ತೆಯ ಆಚೆ ಬದಿಯಲ್ಲಿ, ಮೋನಾಕ ಎಂಬವರ ಚಾ ಹೋಟೆಲಿದೆ. ಅದರ ಜಗಲಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿರುವವನು ನಾನೇ. ಆದರೆ ಹುಟ್ಟುವಾಗ ನಾನು ಬೆಂಚಾಗಿರಲಿಲ್ಲ. ನನ್ನ ಮೇಲೆ ಕೂತು ಬನ್ಸ್ ತಿಂದು ಕೈ ಒರೆಸಿಕೊಳ್ಳುವ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಗೋಲುಕಂಬವಾಗಿದ್ದವನು.

ನನ್ನ ಜಾತಿ ಕಿರಾಲುಬೋಗಿ. ಮೊಳೆ ಹೊಡೆಯಲು ಹೋದರೆ ಮೊಳೆಯೇ ಸೊಟ್ಟಗಾಗುವಂಥ ಮರ. ಮಳೆಗೆ ಜಗ್ಗುವುದಿಲ್ಲ, ಗೆದ್ದಲಿಗೆ ಬಗ್ಗುವುದಿಲ್ಲ. ಸಂಜೀವ ಆಚಾರಿ ಎಂಬವರು ನನ್ನನ್ನು ಕೆತ್ತಿದರು. ಎರಡು ಕಂಬ, ಮೇಲೊಂದು ಅಡ್ಡತೊಲೆ. ಬಿಳಿ ಬಣ್ಣ ಬಳಿದು ಮೈದಾನದ ಪಡುದಿಕ್ಕಿನಲ್ಲಿ ನಿಲ್ಲಿಸಿದರು. ಎದುರು ದಿಕ್ಕಿನಲ್ಲಿ ನನ್ನಂಥದ್ದೇ ಇನ್ನೊಂದಿತ್ತು. ಅದು ಸಾಧಾರಣ ಮರದ್ದು, ಹೆಚ್ಚು ಕಾಲ ಬಾಳಲಿಲ್ಲ.

ಕಂಬವಾಗಿದ್ದಾಗ ನನಗೆ ಜಂಬ ಬಹಳ. ಇರದೆ ಏನು ಮಾಡಲಿ? ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲರೂ ಬೆವರು ಸುರಿಸಿ ಓಡಿ ಬರುತ್ತಿದ್ದುದು ನನ್ನ ಕಡೆಗೆ. ಗೋಲ್‌ಕೀಪರುಗಳನ್ನು ನನ್ನಷ್ಟು ಹತ್ತಿರದಿಂದ ಕಂಡವರು ಈ ಊರಿನಲ್ಲಿ ಯಾರೂ ಇಲ್ಲ. ಒಬ್ಬ ಆಟಕ್ಕೆ ಮೊದಲು ನನ್ನನ್ನು ತಟ್ಟಿ ಮಾತಾಡಿಸುತ್ತಿದ್ದ. ಇನ್ನೊಬ್ಬ ಬೂಟಿನ ಕೆಸರನ್ನು ನನಗೇ ಒರೆಸುತ್ತಿದ್ದ. ಮತ್ತೊಬ್ಬನಂತೂ ಚೆಂಡು ದೂರ ಹೋದಾಗಲೆಲ್ಲ ನನಗೆ ಒರಗಿ ನಿಂತು ನೆಲಗಡಲೆ ತಿನ್ನುತ್ತಿದ್ದ. ಅವನಿಗೆ ಬಿದ್ದ ಗೋಲುಗಳಿಗೆ ನಾನು ಜವಾಬ್ದಾರನಲ್ಲ.

ಕೆಲವು ವರ್ಷ ಕಳೆದ ಮೇಲೆ ಕಬ್ಬಿಣದ ಕಂಬಗಳು ಬಂದವು. ನನ್ನನ್ನು ಕಿತ್ತು ಮೈದಾನದ ಮೂಲೆಗೆ ಎಸೆದರು. ಹುಲ್ಲು ನನ್ನ ಮೇಲೆ ಬೆಳೆಯುವ ಹೊತ್ತಿಗೆ ಮೋನಾಕ ಹೋಟೆಲು ಹಾಕಿದರು. ಗಿರಾಕಿಗಳಿಗೆ ಕೂರಲು ಜಾಗವಿಲ್ಲ ಎಂದು ಮೈದಾನದವರ ಹತ್ತಿರ ಕೇಳಿ ನನ್ನನ್ನು ಎತ್ತಿಸಿಕೊಂಡು ಬಂದರು. ಗರಗಸ ಹಿಡಿದು ಬಂದವರು ಮತ್ತೆ ಅದೇ ಸಂಜೀವ ಆಚಾರಿ. ಇಪ್ಪತ್ನಾಲ್ಕು ಅಡಿಯ ಅಡ್ಡತೊಲೆಯನ್ನು ಮೂರು ತುಂಡು ಮಾಡಿ, ಮೈ ಕೀಸಿ, ಪಕ್ಕಪಕ್ಕ ಜೋಡಿಸಿದರು. ಎಂಟಡಿಯ ಹಾಸು ಆಯಿತು. ಕಂಬಗಳು ಕಾಲಾದವು. ಗರಗಸ ಇಳಿಯುವಾಗ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೋವಿಗಿಂತ ಹೆಚ್ಚು ಅವಮಾನವಾಯಿತು. ಅಲ್ಲಿಯ ತನಕ ಮಂದಿ ನನ್ನತ್ತ ಮುಖ ಮಾಡಿ ಓಡಿ ಬರುತ್ತಿದ್ದರು. ಇನ್ನು ಮುಂದೆ ಬೆನ್ನು ತಿರುಗಿಸಿ ಬಂದು ನನ್ನ ಮೇಲೆ ಕೂರುತ್ತಾರಲ್ಲ ಎಂದು ಬಹಳ ದಿನ ಮುನಿಸಿಕೊಂಡಿದ್ದೆ.

ಆ ಮುನಿಸು ಇಳಿಸಿದವರು ಇಬ್ಬರು. ನನ್ನ ಎರಡು ತುದಿಗಳ ಖಾಯಂ ಒಡೆಯರು ಅವರೇ.

ಬಲತುದಿ ದೂಮಪ್ಪನವರದು. ಅವರು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಬಸ್ಸಿನ ಕೊನೆಯ ಸ್ಟಾಪು ಗುಡ್ಡದ ಮೇಲಿನ ಕಾಲೇಜು. ಆಡುವ ಹುಡುಗರು ಬೂಟುಗಳನ್ನು ಕುತ್ತಿಗೆಗೆ ನೇತು ಹಾಕಿಕೊಂಡು ಫುಟ್‌ಬೋರ್ಡಿನಲ್ಲಿ ಜೋತಾಡುತ್ತಾ ಬರುವುದನ್ನು ವರ್ಷಗಟ್ಟಲೆ ನೋಡಿ, ಬೈದು, ಒಳಗೆ ತಳ್ಳಿ, ಕೊನೆಗೆ ದೂಮಪ್ಪ ಗುಡ್ಡೆ ಕಾಲೇಜಿನವರೇ ಆಗಿಬಿಟ್ಟರು. ಎಡತುದಿ ಲಿಗೋರಿ ಪರ್ಬುಗಳದು. ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಗೋಡೆಯ ಆಚೆಗೇ ಹೊಳೆಬದಿ ಕಾಲೇಜಿನ ಆಟದ ಬಯಲು. ಮಧ್ಯಾಹ್ನ ಬುತ್ತಿ ಮುಗಿಸಿ ಗೋಡೆಯ ಮೇಲೆ ಗಲ್ಲ ಊರಿ ನೋಡುತ್ತಾ ನಿಂತವರಿಗೆ ಸೈರನ್ ಕೂಗಿದ್ದೂ ಕೇಳಿಸುತ್ತಿರಲಿಲ್ಲವಂತೆ. ಇಬ್ಬರೂ ಓದಲೆಂದು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೆ ‘ನಮ್ಮ ಕಾಲೇಜು’ ಎನ್ನುವಾಗ ಅವರ ಎದೆ ಉಬ್ಬುವುದನ್ನು ಕಂಡರೆ ಆ ಕಾಲೇಜುಗಳ ಪ್ರಿನ್ಸಿಪಾಲರೂ ನಾಚಿಕೊಳ್ಳಬೇಕು.

ನಮ್ಮ ಮೈದಾನದ ಅಂತರ ಕಾಲೇಜು ಪಂದ್ಯಗಳು ಶುರುವಾಗುವುದು ಮಳೆ ಸ್ವಲ್ಪ ಹಿಂದೆಗೆದು ಚೌತಿ ಕಳೆದ ಮೇಲೆ. ಮೊದಲ ಆಟ ಯಾವಾಗಲೂ ಗುಡ್ಡೆ ಕಾಲೇಜಿಗೂ ಹೊಳೆಬದಿ ಕಾಲೇಜಿಗೂ. ಯಾರೋ ಹಿರಿಯರು ಮಾಡಿಟ್ಟ ಕ್ರಮ, ಬದಲಿಸುವ ಧೈರ್ಯ ಯಾರಿಗೂ ಇಲ್ಲ. ಸೋತವರು ಅಲ್ಲಿಗೇ ಮನೆಗೆ. ಅಂದರೆ ನನ್ನ ಇಬ್ಬರು ಒಡೆಯರಲ್ಲಿ ಒಬ್ಬರ ಕಪ್ಪು ಗೆಲ್ಲುವ ಕನಸು ಪ್ರತಿ ವರ್ಷ ಮೊದಲ ದಿನವೇ ಮುಗಿದು ಹೋಗುತ್ತದೆ. ಈಚಿನ ಕೆಲವು ವರ್ಷ ಹಾಗೆ ಮುಗಿಯುತ್ತಿದ್ದುದು ಲಿಗೋರಿಯವರದು.

ಹಾಗಾದರೆ ಉಳಿದ ದಿನಗಳಲ್ಲಿ ಇವರು ಮಾಡುವುದೇನು? ಮುಂದಿನ ಆಟವನ್ನು ಆಡುವುದು. ಅದೂ ನನ್ನ ಮೈಮೇಲೆ. ಜೂನ್ ತಿಂಗಳಲ್ಲಿ ಕಾಲೇಜಿಗೆ ಹುಡುಗರು ಸೇರುವ ಹೊತ್ತಿಗೆ ಇಬ್ಬರೂ ಸೋಡಾ ಬಾಟಲಿಯ ಮುಚ್ಚಳಗಳನ್ನು ತರುತ್ತಾರೆ. ದೂಮಪ್ಪನವರದು ಕೆಂಪು, ಲಿಗೋರಿಯವರದು ಬಿಳಿ. ಒಂದೊಂದು ಮುಚ್ಚಳ ಒಬ್ಬೊಬ್ಬ ಆಟಗಾರ. ಅವರಿಬ್ಬರ ನಡುವೆ ಖಾಲಿ ಉಳಿದ ನನ್ನ ಹಾಸೇ ಮೈದಾನ. ಡಿಗ್ರಿ ಮುಗಿಸಿ ಹೋದವನ ಮುಚ್ಚಳ ಜೇಬಿಗೆ, ಹೊಸದಾಗಿ ಸೇರಿದವನ ಮುಚ್ಚಳ ಹಾಸಿನ ಮೇಲೆ. ಯಾವ ಹುಡುಗ ಎಲ್ಲಿ ಸೇರಿದ, ಯಾರ ಕಾಲು ಉಳುಕಿದೆ, ಯಾರಿಗೆ ಸಪ್ಲಿಮೆಂಟರಿ ಪರೀಕ್ಷೆ ಉಂಟು, ಎಲ್ಲ ಸುದ್ದಿ ಇಲ್ಲಿಗೆ ಬರಬೇಕು.

“ನಿಮ್ಮ ಬ್ಯಾಕ್ ನಿಧಾನ ಪರ್ಬುಗಳೇ. ನಮ್ಮ ಹುಡುಗ ದಾಟಿ ಹೋದ ಮೇಲೆ ಅವ ತಿರುಗಿ ನೋಡುವುದು,” ಎಂದು ದೂಮಪ್ಪ ಒಂದು ಕೆಂಪು ಮುಚ್ಚಳವನ್ನು ಮುಂದೆ ಜಾರಿಸುವರು.

“ದಾಟಲಿಕ್ಕೆ ಬಿಟ್ಟರಲ್ವಾ ದೂಮಣ್ಣ,” ಎಂದು ಲಿಗೋರಿ ಎರಡು ಬಿಳಿ ಮುಚ್ಚಳ ಅಡ್ಡ ಇಡುವರು. ಹೊರಗೆ ಮಳೆ ಸುರಿದು ಮೈದಾನ ಕೆರೆಯಾಗಿರುತ್ತಿತ್ತು. ನನ್ನ ಮೇಲೆ ಮಾತ್ರ ದಿನಾ ಸಂಜೆ ಆಟ.

ಕಳೆದ ವರ್ಷದ ಜೂನಿನಲ್ಲಿ ಗುಡ್ಡೆ ಕಾಲೇಜಿನ ಆಟದ ಮಾಸ್ಟ್ರು ಜಯಕರ ಚಾ ಕುಡಿಯಲು ಬಂದರು. ಗ್ಲಾಸು ಕೈಯಲ್ಲಿ ಹಿಡಿದು, ಕುಡಿಯದೆ, ದೂಮಪ್ಪನವರ ಮುಖ ನೋಡದೆ ಹೇಳಿದರು:

“ಈ ವರ್ಷ ನಮ್ಮ ಟೀಮ್ ಇಲ್ಲ ದೂಮಣ್ಣ. ಹತ್ತು ಜನ ಇದ್ದಾರೆ. ಗೋಲಿಗೆ ನಿಲ್ಲುವವರು ಇಲ್ಲ. ಮೊದಲಿನವ ಡಿಗ್ರಿ ಮುಗಿಸಿ ಹೋದ. ಚೌತಿಗೆ ಮೊದಲೇ, ಆಟಿ ತಿಂಗಳ ಒಳಗೆ ಹೆಸರು ಕೊಡ್ಬೇಕು. ನಾನೆಂತ ಮಾಡ್ಲಿ?”

“ಇಡೀ ಕಾಲೇಜಿನಲ್ಲಿ ಒಬ್ಬ ಸಿಗುವುದಿಲ್ವಾ ಮಾಸ್ಟ್ರೆ?”

“ಎಲ್ಲರಿಗೂ ಗೋಲು ಹೊಡಿಲಿಕ್ಕೆ ಆಸೆ. ಹಿಡಿಲಿಕ್ಕೆ ಯಾರಿಗೂ ಬೇಡ.”

ಮಾಸ್ಟ್ರು ಹೋದ ಮೇಲೆ ಮೋನಾಕ ಎಣ್ಣೆ ಬಾಣಲೆಯ ಹಿಂದಿನಿಂದ ಕೂಗಿದರು, “ನಿಮಗೆ ಒಳ್ಳೆದೇ ಆಯ್ತಲ್ಲ ಪರ್ಬುಗಳೇ! ಆಡದೆ ಸೀದಾ ಎರಡನೇ ರೌಂಡು!”

“ಹೌದು, ಒಳ್ಳೆದಾಯ್ತು,” ಎಂದರು ಲಿಗೋರಿ. ಕಷಾಯ ಕುಡಿದವರ ಹಾಗಿತ್ತು ಅವರ ದನಿ.

ದೂಮಪ್ಪ ಹಾಸಿನತ್ತ ಬಗ್ಗಿದರು. ಕೆಂಪು ಮುಚ್ಚಳಗಳನ್ನು ಒಂದೊಂದಾಗಿ ಹೆಕ್ಕಿ ಅಂಗಿಯ ಜೇಬಿಗೆ ಹಾಕಿಕೊಂಡರು. “ಇನ್ನು ನನಗೆ ಇಲ್ಲಿ ಎಂತ ಕೆಲಸ? ಮನೆಯಲ್ಲಿ ಟಿವಿ ಉಂಟಲ್ಲ,” ಎಂದು ಎದ್ದು, ಕೊಡೆ ಬಿಡಿಸದೆಯೇ ಮಳೆಯಲ್ಲಿ ಹೊರಟು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಲಿಗೋರಿ ಮಾತ್ರ ಬಂದು ತಮ್ಮ ತುದಿಯಲ್ಲಿ ಕೂತರು. ನನ್ನ ಕಾಲುಗಳು ಸ್ವಲ್ಪ ಒಳಗೆ ಇವೆ. ಒಂದೇ ತುದಿಗೆ ಭಾರ ಬಿದ್ದರೆ ಇನ್ನೊಂದು ತುದಿ ಮೇಲೆ ಏಳುತ್ತದೆ. ಎಷ್ಟೋ ವರ್ಷ ಇಬ್ಬರೂ ಒಟ್ಟಿಗೆ ಕೂತು ಒಟ್ಟಿಗೆ ಎದ್ದವರಾದ್ದರಿಂದ ಲಿಗೋರಿಯವರಿಗೆ ಅದು ಮರೆತೇ ಹೋಗಿತ್ತು. ಬೀಳುವುದರಲ್ಲಿದ್ದವರು ಸಾವರಿಸಿಕೊಂಡು ನಡುವಿಗೆ ಸರಿದು ಕೂತರು. ಅಲ್ಲಿ ಅವರು ಯಾರದೋ ಮನೆಗೆ ಬಂದ ನೆಂಟರ ಹಾಗೆ ಕಂಡರು. ನನಗೆ ಬೇಸರವಾಯಿತು.

ಒಂದು ಸಂಜೆ ಅವರು ದೂಮಪ್ಪನವರ ಮನೆಗೇ ಹೋಗಿ ಬಂದರು. ಬಂದವರು ಮೋನಾಕರ ಹತ್ತಿರ ಹೇಳಿಕೊಂಡರು:

“ಟಿವಿಯಲ್ಲಿ ಯಾವುದೋ ದೂರದ ದೇಶದ ಮ್ಯಾಚ್ ಬರ್ತಾ ಇತ್ತು. ಯಾರು ಯಾರು ಆಡುವುದು ಅಂತ ಕೇಳಿದೆ. ಗೊತ್ತಿಲ್ಲ ಅಂದ್ರು. ದೂಮಣ್ಣ ಗೊತ್ತಿಲ್ಲ ಅಂತ ಹೇಳಿದ್ದು ಮೋನಾಕ! ಎಷ್ಟಾಯ್ತು ಗೋಲು ಅಂತ ಕೇಳಿದೆ. ಅದೂ ಗೊತ್ತಿಲ್ಲ. ಸುಮ್ಮನೆ ಕೂತಿದ್ದಾರೆ. ಊಟ ಸಹ ಸರಿ ಮಾಡುವುದಿಲ್ಲ ಅಂತ ಮಗಳು ಹೇಳಿದ್ಲು.”

“ಮಳೆಗಾಲ ಅಲ್ವಾ, ಹಾಗೆ ಆಗ್ತದೆ,” ಎಂದರು ಮೋನಾಕ. ಆದರೆ ಅವರ ದನಿಯಲ್ಲೂ ಧೈರ್ಯವಿರಲಿಲ್ಲ. ದೂಮಪ್ಪ ಸೋತಾಗ ಬೈಯುವವರು, ಗೆದ್ದಾಗ ಕುಣಿಯುವವರು. ಸುಮ್ಮನೆ ಕೂರುವ ಮನುಷ್ಯ ಅಲ್ಲವೇ ಅಲ್ಲ. ಬರುವ ಆಟವೊಂದು ಎದುರಿಗೆ ಇಲ್ಲದೆ ಹೋದರೆ ಆ ಜೀವ ಹೇಗೆ ಉಳಿದೀತು ಎಂಬ ಚಿಂತೆ ನನಗೂ ಹಿಡಿಯಿತು.

ಆ ವಾರವೇ ಹೋಟೆಲಿನ ಮಾಡು ಸೋರತೊಡಗಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಐತಪ್ಪ ಎಂಬ ಹಂಚಿನ ಕೆಲಸದವರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಐತಪ್ಪ ಮಾಡಿನ ಮೇಲೆ ಹತ್ತಿ ಹಳೆಯ ಹಂಚುಗಳನ್ನು ಕಳಚಿ ಕೆಳಗೆ ಎಸೆಯುವುದು, ಮಗ ಕೆಳಗೆ ನಿಂತು ಹಿಡಿಯುವುದು. ಹೆಸರು ಹರ್ಷಿತ್. ಉದ್ದ ಕೈಕಾಲಿನ, ಮಾತು ಕಡಿಮೆಯ ಹುಡುಗ.

ಲಿಗೋರಿ ಮೊದಲು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಅವರು ಚಾ ಗ್ಲಾಸನ್ನು ನನ್ನ ಮೇಲೆ ಇಟ್ಟದ್ದು ಗೊತ್ತಾಯಿತು, ಮತ್ತೆ ಎತ್ತಿಕೊಳ್ಳಲೇ ಇಲ್ಲ. ಜೀವಮಾನವೆಲ್ಲ ಹಂಚು ಕೈ ಬದಲಿಸುವುದನ್ನೇ ಕಂಡವರು ಅವರು. ಎಸೆದ ಹಂಚಿಗೆ ಕೈ ಬಿಗಿ ಹಿಡಿದರೆ ಹಂಚು ಒಡೆಯುತ್ತದೆ, ಇಲ್ಲವೇ ಕೈ ಒಡೆಯುತ್ತದೆ. ಹಂಚಿನ ಜೊತೆಗೇ ಕೈ ಹಿಂದೆ ಬರಬೇಕು. ಈ ಹುಡುಗನ ಕೈ ಹಾಗೆ ಬರುತ್ತಿತ್ತು. ಐತಪ್ಪ ಎಡಕ್ಕೆ ಎಸೆದರೂ ಬಲಕ್ಕೆ ಎಸೆದರೂ, ಕಾಲು ಮೊದಲು ಅಲ್ಲಿಗೆ ಹೋಗುತ್ತಿತ್ತು, ಕೈ ಆಮೇಲೆ. ನನಗೂ ಹಳೆಯ ನೆನಪುಗಳು ಜಿಗಿದೆದ್ದವು. ನಾನು ಕಂಬವಾಗಿದ್ದಾಗ ಇಂಥವನೊಬ್ಬ ನನ್ನ ಕೆಳಗೆ ನಿಂತಿದ್ದರೆ!

“ನೀನು ಫುಟ್‌ಬಾಲ್ ಆಡಿದ್ದುಂಟಾ ಮಗಾ?” ಎಂದು ಕೇಳಿದರು ಲಿಗೋರಿ.

“ಪಿಯುಸಿಯಲ್ಲಿ ಗೋಲಿಗೆ ನಿಲ್ತಿದ್ದೆ ಅಜ್ಜ.”

“ಈಗ ಎಂತ?”

“ಬಿ.ಕಾಂ.ಗೆ ಕಾಲೇಜು...” ಎಂದು ಅವನು ಶುರು ಮಾಡುವಷ್ಟರಲ್ಲಿ ಲಿಗೋರಿ ಅವನ ಮಾತನ್ನು ಅಲ್ಲಿಗೇ ನುಂಗಿಬಿಟ್ಟರು. “ಗುಡ್ಡೆ ಕಾಲೇಜಿಗೆ ಸೇರು. ಗೋಲಿಗೆ ನಿಲ್ಲುವುದಾದರೆ ಅಲ್ಲಿಗೇ ಸೇರಬೇಕು!”

ಆಮೇಲೆ ಶುರುವಾಯಿತು ನೋಡಿ ಅವರ ಪುರಾಣ. ಗುಡ್ಡೆ ಕಾಲೇಜಿನ ಗೋಲು ಕಾದ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಹೊಗಳಿದರು. ಯಾವನು ಮಳೆಯಲ್ಲಿ ಹೇಗೆ ಹಾರಿದ, ಯಾವನು ಮೂಗಿನಲ್ಲಿ ರಕ್ತ ಸುರಿಯುತ್ತಿದ್ದರೂ ಹೇಗೆ ಚೆಂಡು ಬಿಡಲಿಲ್ಲ, ಎಲ್ಲ ಬಾಯಿಪಾಠ. ಇವರೆಲ್ಲ ವರ್ಷ ವರ್ಷವೂ ಲಿಗೋರಿಯವರ ಹೊಟ್ಟೆ ಉರಿಸಿದವರು, ಇದೇ ತುದಿಯಲ್ಲಿ ಕೂತು ಅವರು ಶಾಪ ಹಾಕಿದ ಹುಡುಗರು. ತಮ್ಮ ಕಾಲೇಜಿನ ಗೋಲ್‌ಕೀಪರುಗಳ ಹೆಸರು ಅವರಿಗೆ ಅಷ್ಟು ಚೆನ್ನಾಗಿ ನೆನಪಿರಲಿಲ್ಲ. ಮೋನಾಕ ಒಳಗಿನಿಂದ ಹೊರಗೆ ಬಂದು, ಇದು ನಮ್ಮ ಪರ್ಬುಗಳೇ ಹೌದಾ ಎಂದು ಬಗ್ಗಿ ನೋಡಿದರು.

ಹುಡುಗ ನಡುವೆ ಒಂದೆರಡು ಸಲ ಬಾಯಿ ತೆರೆದ. ಹಿರಿಯರು ಮಾತಾಡುವಾಗ ಅಡ್ಡ ಬಾಯಿ ಹಾಕುವುದು ಹೇಗೆ ಎಂದು ಮುಚ್ಚಿಕೊಂಡ. ಮಾಡಿನ ಮೇಲಿನಿಂದ ಐತಪ್ಪ ಹೇಳಿದರು, “ಗುಡ್ಡೆ ಕಾಲೇಜು ಅಂದ್ರೆ ನಮಗೆ ಮನೆ ಎದುರಿಂದ ಬಸ್ ಸಹ ಉಂಟು. ಪರ್ಬುಗಳು ಇಷ್ಟು ಹೇಳಿದ ಮೇಲೆ ಮತ್ತೆಂತ?” ಹರ್ಷಿತ್ ತಲೆಯಾಡಿಸಿದ. ಲಿಗೋರಿ ಆ ದಿನ ಎರಡು ಬನ್ಸ್ ಹೆಚ್ಚು ತಿಂದರು.

ಹುಡುಗ ಗುಡ್ಡೆ ಕಾಲೇಜಿಗೆ ಸೇರಿದ ಸುದ್ದಿಯನ್ನು ಜಯಕರ ಮಾಸ್ಟ್ರೇ ಬಂದು ಹೇಳಿದರು. ದೂಮಪ್ಪನವರ ಮನೆಗೂ ಹೇಳಿ ಕಳಿಸಿದ್ದೇನೆ ಎಂದರು. ಲಿಗೋರಿ ಏನೂ ತಿಳಿಯದವರ ಹಾಗೆ, “ಹೌದಾ? ಒಳ್ಳೆದಾಯ್ತು ಬಿಡಿ,” ಎಂದರು. ಮೋನಾಕರ ಕಡೆ ತಿರುಗಿ, ಬಾಯಿ ಬಿಟ್ಟರೆ ಜಾಗ್ರತೆ ಎಂಬಂತೆ ಕಣ್ಣು ದೊಡ್ಡದು ಮಾಡಿದರು. ಸಹಾಯ ಮಾಡಿದವರು ಎದುರಾಳಿಯ ಕಡೆಯವರು ಎಂದು ಗೊತ್ತಾದರೆ ದೂಮಪ್ಪನವರಿಗೆ ಹೊಸ ಗೋಲ್‌ಕೀಪರನ ಸಂತೋಷವೇ ಹುಳಿಯಾಗಿಬಿಡುತ್ತಿತ್ತು.

ಅದೇ ಸಂಜೆ ಹೊಳೆಬದಿ ಕಾಲೇಜಿನ ಕ್ಯಾಪ್ಟನ್ ರಾಯ್ಸ್ಟನ್ ಸ್ಕೂಟರಿನಲ್ಲಿ ಬಂದು ಇಳಿದ. ಹುಡುಗನ ಮುಖ ಕೆಂಪಾಗಿತ್ತು.

“ಅಜ್ಜ, ನಮಗೆ ಮೋಸ ಆಯ್ತು. ಒಳ್ಳೆ ಗೋಲ್‌ಕೀಪರ್ ಸಿಕ್ಕಿದ್ದ. ನಮ್ಮಲ್ಲಿ ಅಡ್ಮಿಷನ್ ಸಹ ಆಗಿತ್ತು. ಸರ್‌ಪ್ರೈಸ್ ಕೊಡುವ ಅಂತ ನಿಮಗೆ ಹೇಳಿರಲಿಲ್ಲ. ಈ ವರ್ಷ ಕಪ್ಪು ನಮ್ಮದೇ ಅಂತ ಇದ್ದೆವು. ಯಾರೋ ಒಬ್ಬರು ಅವನ ತಲೆ ತಿರುಗಿಸಿ ಗುಡ್ಡೆ ಕಾಲೇಜಿಗೆ ಕಳಿಸಿದ್ದಾರೆ.”

“ಯಾರು ಮಾರಾಯ ಅಂಥ ಮನುಷ್ಯ?” ಎಂದು ಲಿಗೋರಿ ಗುಡುಗಿದರು.

“ಗೊತ್ತಿಲ್ಲ. ಒಬ್ಬರು ವಯಸ್ಸಾದವರಂತೆ. ಬಿಳಿ ಮುಂಡು, ಕಪ್ಪು ಕೊಡೆ. ಮೊದಲು ಹಂಚಿನ ಕಾರ್ಖಾನೆಯಲ್ಲಿ...”

ರಾಯ್ಸ್ಟನ್ ಅಲ್ಲಿಗೆ ನಿಲ್ಲಿಸಿದ. ಅವನ ಕಣ್ಣು ಲಿಗೋರಿಯವರ ಮುಂಡಿನಿಂದ ಪಕ್ಕದಲ್ಲಿ ಒರಗಿಸಿಟ್ಟ ಕೊಡೆಗೆ ಹೋಯಿತು. ಮೋನಾಕ ನಗು ತಡೆಯಲಾರದೆ ಒಳಗೆ ಓಡಿದರು. ಒಳಗೆ ಯಾವುದೋ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಲಿಗೋರಿ ಕೊಡೆಯನ್ನು ಮೆಲ್ಲನೆ ನನ್ನ ಅಡಿಗೆ ತಳ್ಳಿದರು. ಎಲ್ಲಿಗೆ ಸೇರಿದ್ದೀಯಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹುಡುಗ ಹೇಳಲು ಬಂದಿದ್ದ, ಇವರೇ ಬಿಟ್ಟಿರಲಿಲ್ಲ. ಕೈಗೆ ಬಂದ ತುತ್ತನ್ನು ತಾವೇ ಎತ್ತಿ ಎದುರಿನವರ ಬಾಯಿಗೆ ಇಟ್ಟಿದ್ದರು.

ರಾಯ್ಸ್ಟನ್ ಸಿಟ್ಟು ನುಂಗಿಕೊಂಡು ಮೆತ್ತಗೆ ಹೇಳಿದ, “ಈಗಲೂ ಟೈಮ್ ಉಂಟು ಅಜ್ಜ. ಶನಿವಾರದ ತನಕ ವಾಪಸ್ ಬರಬಹುದು. ಅವ ನಿಮ್ಮ ಮಾತಿಗೆ ಬೆಲೆ ಕೊಡ್ತಾನೆ. ನೀವು ಒಂದು ಸಲ ಹೇಳಿ. ನಾನು ನಾಳೆ ಬರ್ತೇನೆ.”

ಅವನು ಹೋದ ಮೇಲೆ ಲಿಗೋರಿ ನನ್ನ ನಡುವೆ ಕೂತು ಬಿಳಿ ಮುಚ್ಚಳಗಳನ್ನು ಹರಡಿದರು. ಇದ್ದ ಗೋಲ್‌ಕೀಪರನ ಮುಚ್ಚಳ ತೆಗೆದು, ಹೊಸದೊಂದನ್ನು ಇಟ್ಟರು. ನೋಡಿದರು. ಎದುರಿಗೆ ಕೆಂಪು ಮುಚ್ಚಳ ಒಂದೂ ಇಲ್ಲ. ಮೊದಲ ಆಟ ಆಡದೆಯೇ ದಾಟಬಹುದು. ಈ ಹುಡುಗ ಗೋಲಿನಲ್ಲಿದ್ದರೆ ಮುಂದಿನದನ್ನೂ ದಾಟಬಹುದು. ಎಷ್ಟೋ ವರ್ಷಗಳಿಂದ ಅವರು ಬಾಯಲ್ಲಿ ಹೇಳದೆ ಮನಸ್ಸಿನಲ್ಲೇ ಹೊತ್ತುಕೊಂಡು ಬಂದ ಕಪ್ಪು ಅದು. ಕಪ್ಪು ಬೇಡ ಎನ್ನುವಷ್ಟು ದೊಡ್ಡ ಸಂತರು ಅವರಲ್ಲ. ಅವರಿಗೆ ಕಪ್ಪು ಬೇಕಿತ್ತು. ಬಹಳ ಬೇಕಿತ್ತು.

ಮರುದಿನ ಮಧ್ಯಾಹ್ನವೇ ರಸ್ತೆಯ ಆಚೆಯಿಂದ ಒಂದು ದನಿ ಕೇಳಿಸಿತು.

“ಮೋನಾಕ, ಎರಡು ಚಾ! ಪರ್ಬುಗಳದಕ್ಕೆ ಸಕ್ಕರೆ ಜಾಸ್ತಿ ಹಾಕಿ, ಈ ವರ್ಷ ಅವರಿಗೆ ಬಾಯಿ ಕಹಿ ಆಗ್ಲಿಕ್ಕುಂಟು!”

ದೂಮಪ್ಪ. ಇಸ್ತ್ರಿ ಹಾಕಿದ ಅಂಗಿ, ಕತ್ತರಿಸಿದ ಮೀಸೆ. ಬಂದವರೇ ಬಲತುದಿಯಲ್ಲಿ ಕೂತರು. ಲಿಗೋರಿ ಎಡತುದಿಗೆ ಸರಿದರು. ನಾನು ಮತ್ತೆ ಸಮ ನಿಂತೆ. ಜೇಬಿನಿಂದ ಕೆಂಪು ಮುಚ್ಚಳಗಳು ಒಂದೊಂದಾಗಿ ಇಳಿದವು. ಕೊನೆಯದನ್ನು ದೂಮಪ್ಪ ಅಂಗಿಯ ತುದಿಯಿಂದ ಒರೆಸಿ ಗೋಲಿನಲ್ಲಿ ಇಟ್ಟರು.

“ಹುಡುಗ ನೋಡ್ಲಿಕ್ಕೆ ಬಡಕಲು. ಆದರೆ ಕೈ ನೋಡ್ಬೇಕು ಪರ್ಬುಗಳೇ! ಬೆಳಿಗ್ಗೆ ಪ್ರಾಕ್ಟೀಸಿಗೆ ಹೋಗಿ ನೋಡಿ ಬಂದೆ. ಮಗಳು ಬೈದಳು, ಈ ಮಳೆಯಲ್ಲಿ ಎಲ್ಲಿಗೆ ಅಂತ. ನಿನಗೆ ಗೊತ್ತಾಗುವುದಿಲ್ಲ ಅಂತ ಹೇಳಿದೆ. ಜ್ವರ ಬಂದರೂ ಅಡ್ಡಿಲ್ಲ, ಆಟಕ್ಕೆ ಇನ್ನೂ ಸಮಯ ಉಂಟಲ್ಲ...”

ಮಾತು ನಿಲ್ಲುವ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ರಾಯ್ಸ್ಟನ್‌ನ ಸ್ಕೂಟರ್ ಬಂತು. ಇಳಿಯದೆಯೇ, ಹೆಲ್ಮೆಟ್ ತೆಗೆಯದೆಯೇ ಅವನು ಕೇಳಿದ:

“ಹೇಳಿದ್ರಾ ಅಜ್ಜ?”

ಲಿಗೋರಿ ಪಕ್ಕಕ್ಕೆ ನೋಡಿದರು. ದೂಮಪ್ಪ ಗೋಲಿನ ಮುಚ್ಚಳವನ್ನು ಬೆರಳಿನಿಂದ ಅತ್ತ ಇತ್ತ ಹಾರಿಸಿ, ಬರಲಿರುವ ಹೊಡೆತಗಳನ್ನೆಲ್ಲ ಹಿಡಿಸುತ್ತಿದ್ದರು. ಅವರ ಲೋಕವೇ ಬೇರೆ ಆಗಿತ್ತು.

“ಅವ ನನ್ನ ಮಾತು ಕೇಳುವುದಿಲ್ಲ ಮಗಾ,” ಎಂದರು ಲಿಗೋರಿ.

ಅಜ್ಜ ಅವನಿಗೆ ಹೇಳಿಯೇ ಇಲ್ಲವೆಂದು ರಾಯ್ಸ್ಟನ್‌ಗೆ ತಿಳಿಯಿತು. ಸ್ಕೂಟರ್ ರೊಯ್ಯನೆ ತಿರುಗಿಸಿಕೊಂಡು ಹೋದ.

“ಯಾರು ಮಾತು ಕೇಳದವ?” ದೂಮಪ್ಪ ತಲೆ ಎತ್ತಿದರು.

“ಯಾರೂ ಇಲ್ಲ. ನಿಮ್ಮ ಬ್ಯಾಕ್ ಎಲ್ಲಿ ನಿಲ್ಲುವುದು, ಅದನ್ನು ಹೇಳಿ.”

ಚೌತಿ ಕಳೆದು ಮೊದಲ ಆಟದ ದಿನ ಬಂತು. ಮೋನಾಕ ಹೋಟೆಲಿಗೆ ಬಾಗಿಲು ಹಾಕಿದರು. ಅವರೂ ದೂಮಪ್ಪನವರೂ ಸೇರಿ ನನ್ನನ್ನು ಎತ್ತಿ ರಸ್ತೆ ದಾಟಿಸಿ ಮೈದಾನದ ಗೆರೆಯ ಪಕ್ಕದಲ್ಲಿ ಇಟ್ಟರು. ಲಿಗೋರಿ ಮೂರು ಕೊಡೆಗಳನ್ನು ಹಿಡಿದುಕೊಂಡು ಹಿಂದಿನಿಂದ ಬಂದರು. ನೆಲ ಇನ್ನೂ ಒದ್ದೆ. ನನ್ನ ಕಾಲುಗಳು ಹಿತವಾಗಿ ಮಣ್ಣಿಗೆ ಇಳಿದವು.

ಮೊದಲ ಅರ್ಧದಲ್ಲಿಯೇ ಗುಡ್ಡೆ ಕಾಲೇಜು ಒಂದು ಗೋಲು ಹೊಡೆಯಿತು. ಅದು ಅದೃಷ್ಟದ ಗೋಲು, ಕೆಸರಿನಲ್ಲಿ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಒಳಗೆ ಹೋದದ್ದು. ಆಮೇಲೆ ಆಟವೆಲ್ಲ ಹೊಳೆಬದಿಯವರದೇ. ಎಡದಿಂದ ಬಂದರು, ಬಲದಿಂದ ಬಂದರು, ದೂರದಿಂದ ಹೊಡೆದರು. ಎಲ್ಲವೂ ಹರ್ಷಿತನ ಕೈಗೆ ಹೋಗಿ ಸುಮ್ಮನಾಯಿತು. ಆಟ ಮುಗಿಯಲು ಬಂದಾಗ ಹೊಳೆಬದಿಯವರಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಇಟ್ಟವನು ರಾಯ್ಸ್ಟನ್.

ದೂಮಪ್ಪ ಕಣ್ಣು ಮುಚ್ಚಿದರು. ಲಿಗೋರಿ ಎರಡೂ ಕೈಯಿಂದ ನನ್ನ ಅಂಚನ್ನು ಹಿಡಿದುಕೊಂಡರು. ಅವರ ಉಗುರು ನನಗೆ ಒತ್ತುತ್ತಿತ್ತು. ರಾಯ್ಸ್ಟನ್ ಓಡಿ ಬಂದು ಹೊಡೆದ. ಒಳ್ಳೆಯ ಹೊಡೆತ, ಕೆಳಗೆ, ಮೂಲೆಗೆ. ಹರ್ಷಿತ್ ಕೆಸರಿನ ಮೇಲೆ ಉದ್ದಕ್ಕೆ ಜಾರಿ ಚೆಂಡನ್ನು ಎದೆಗೆ ಅವಚಿಕೊಂಡ.

“ಒಳ್ಳೆ ಹಿಡಿದ,” ಎಂದರು ಲಿಗೋರಿ, ಯಾರಿಗೂ ಕೇಳದಷ್ಟು ಮೆಲ್ಲಗೆ. ಅವರ ಕಣ್ಣು ಒದ್ದೆಯಾಗಿತ್ತು. ಸೋಲಿಗೋ ಹಿಡಿತಕ್ಕೋ ನನಗೆ ಹೇಳಲು ಬರುವುದಿಲ್ಲ.

ಕೊನೆಯ ಸೀಟಿ ಕೇಳಿಸಿತು. ದೂಮಪ್ಪ ಎದ್ದು ಕುಣಿಯಲು ಕೈ ಎತ್ತಿದ್ದರು ಅಷ್ಟೆ. ಮೈಯೆಲ್ಲ ಕೆಸರಾದ ರಾಯ್ಸ್ಟನ್ ಬೆಂಚಿನ ಎದುರಿನಿಂದ ಹಾದು ಹೋಗುವಾಗ ನಿಂತ.

“ಖುಷಿಯಾಯ್ತಾ ಅಜ್ಜ? ನೀವೇ ಅಲ್ವಾ ಅವನನ್ನು ಅವರಿಗೆ ಕೊಟ್ಟದ್ದು? ವಾಪಸ್ ಕರೀರಿ ಅಂದ್ರೆ ಅದನ್ನೂ ಮಾಡಲಿಲ್ಲ.”

ಅವನು ಹೋದ. ದೂಮಪ್ಪನವರ ಎತ್ತಿದ ಕೈ ಕೆಳಗೆ ಬಂತು. ಲಿಗೋರಿ ಕೊಡೆಯ ಗುಂಡಿ ಸರಿಪಡಿಸುವ ಕೆಲಸ ಹುಡುಕಿಕೊಂಡರು. ದೂಮಪ್ಪ ಮೆಲ್ಲನೆ ಬಂದು ಕೂತರು, ತಮ್ಮ ತುದಿಯಲ್ಲಲ್ಲ, ಲಿಗೋರಿಯವರ ಪಕ್ಕದಲ್ಲಿ. ಗೆದ್ದ ದಿನ ಅವರು ಬಾಯಿ ಮುಚ್ಚಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುಡುಗರು ಬಾವುಟ ಬೀಸುತ್ತಾ ಹೋದರು. ಮೋನಾಕ ಕರೆದರೂ ಇಬ್ಬರೂ ಏಳಲಿಲ್ಲ.

ಮೈದಾನ ಖಾಲಿಯಾದ ಮೇಲೆ ದೂಮಪ್ಪ ಹೇಳಿದರು, “ಬರುವ ವರ್ಷ ನಿಮಗೊಬ್ಬ ಗೋಲ್‌ಕೀಪರನ್ನು ನಾನು ಹುಡುಕಿ ಕೊಡ್ತೇನೆ ಪರ್ಬುಗಳೇ.”

“ಗೋಲ್‌ಕೀಪರ್ ಬೇಡ ಮಾರಾಯ್ರೆ,” ಎಂದರು ಲಿಗೋರಿ. “ನಿಮ್ಮ ಆ ಹುಡುಗನಿಗೆ ಗೋಲು ಹೊಡೆಯುವವ ಒಬ್ಬ ಬೇಕು.”

ಇಬ್ಬರೂ ಆಗ ನಕ್ಕರು. ಆ ನಗುವಿಗೆ ನನ್ನ ಹಾಸು ಅಲುಗಾಡಿತು.

ಈಗ ನನಗೂ ವಯಸ್ಸಾಯಿತು. ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಬಿದ್ದಿದೆ. ಮೋನಾಕರ ಅಳಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ನನ್ನನ್ನು ಗೋಡೆಯ ಮೂಲೆಗೆ ಸರಿಸಿದ್ದಾನೆ. ಬೇಸರವಿಲ್ಲ. ಕಂಬವಾಗಿದ್ದಾಗ ಆಟವೆಂದರೆ ಸೀಟಿಯಿಂದ ಸೀಟಿಯ ತನಕ ಎಂದುಕೊಂಡಿದ್ದೆ. ಬೆಂಚಾದ ಮೇಲೆ ತಿಳಿಯಿತು, ಅದು ವರ್ಷವಿಡೀ ನಡೆಯುತ್ತದೆ. ಕಂಬಕ್ಕೆ ಅದು ಕಾಣುವುದಿಲ್ಲ, ಆಟವಿಲ್ಲದ ದಿನಗಳಲ್ಲಿ ಕಂಬದ ಹತ್ತಿರ ಯಾರೂ ಬರುವುದಿಲ್ಲ.

ಮತ್ತೆ ಜೂನ್ ಬಂದಿದೆ. ಇವತ್ತು ಬೆಳಗಿನಿಂದ ಬಿಡದೆ ಮಳೆ. ಲಿಗೋರಿ ಬೇಗ ಬಂದು, ಬೀಳದ ಹಾಗೆ ನನ್ನ ನಡುವೆ ಕೂತು, ರಸ್ತೆ ನೋಡುತ್ತಿದ್ದರು. ಕತ್ತಲಾಗುವ ಮೊದಲು ದೂಮಪ್ಪ ಮೊಣಕಾಲಿನ ತನಕ ಕೆಸರು ಮಾಡಿಕೊಂಡು ಓಡುತ್ತಾ ಬಂದರು. ಈ ವಯಸ್ಸಿಗೆ ಅದನ್ನು ಓಟ ಎನ್ನಬಹುದಾದರೆ.

“ಪರ್ಬುಗಳೇ, ಸಿಕ್ಕಿದ ಒಬ್ಬ! ಬೆಂಗ್ರೆಯ ಹುಡುಗ, ಎಡಗಾಲಿನವ. ನಾನು ಮೊದಲೇ ಕೇಳಿದೆ, ಎಲ್ಲಿಗೂ ಸೇರಲಿಲ್ಲ. ನಾಳೆ ನಾನೇ ಕರಕೊಂಡು ಹೋಗಿ ನಿಮ್ಮ ಕಾಲೇಜಿಗೆ ಸೇರಿಸ್ತೇನೆ. ಅವನ ಶಾಟ್ ನೋಡ್ಬೇಕು ಮಾರಾಯ್ರೆ, ಶಾಟ್!” ಉಸಿರು ಸಿಗದೆ ಎದೆ ಹಿಡಿದುಕೊಂಡರು. ಮುಖದಲ್ಲಿ ಮಾತ್ರ ಸಂತೋಷ ಹಿಡಿಸುತ್ತಿರಲಿಲ್ಲ. “ನಮ್ಮ ಹರ್ಷಿತನಿಗೆ ಅದನ್ನು ಹಿಡಿಲಿಕ್ಕೆ ಆಗ್ಲಿಕ್ಕೇ ಇಲ್ಲ!”

ಲಿಗೋರಿ ಎಡತುದಿಗೆ ಸರಿದರು.

“ಮೊದಲು ಕೂತುಕೊಳ್ಳಿ ದೂಮಣ್ಣ,” ಎಂದರು.